ಸಿಜಿಎಲ್ ವಿಮೆ: ‘ಇದು ಕವರ್ ಆಗುವುದಿಲ್ಲ’ ಎಂಬ ಪತ್ರ ಬಂದಾಗ ಜನ ಕೇಳುವ ಪ್ರಶ್ನೆಗಳು

ಕಮರ್ಷಿಯಲ್ ಜನರಲ್ ಲಯಬಿಲಿಟಿ, ಬಾಯಿಮಾತಿನಲ್ಲಿ ಸಿಜಿಎಲ್. ಅಮೆರಿಕದಲ್ಲಿ ಸಣ್ಣ ಅಂಗಡಿಯಿಂದ ದೊಡ್ಡ ಕಾರ್ಖಾನೆಯವರೆಗೆ ವ್ಯಾಪಾರಸ್ಥರು ಕೊಳ್ಳುವ ಹೊಣೆಗಾರಿಕೆ ವಿಮೆ ಇದು. ಕ್ಲೇಮು ತಿರಸ್ಕಾರವಾದ ಮೇಲೆ ಪಾಲಿಸಿಯನ್ನು ಮೊದಲ ಸಲ ತೆರೆದು ಓದಿದವರು ಕೇಳಿದ ಪ್ರಶ್ನೆಗಳು ಇಲ್ಲಿವೆ. ಪತ್ರಗಳಲ್ಲಿ, ಫೋನಿನಲ್ಲಿ, ಎದುರು ಕೂತು ಮಾತಾಡುವಾಗ ಬಂದವು. ಕೇಳಿದವರ ಮಾತನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ. ಉತ್ತರಗಳಿಗೆ ಆಧಾರ ಐಎಸ್‌ಒ, ಅಂದರೆ ಇನ್ಶೂರೆನ್ಸ್ ಸರ್ವೀಸಸ್ ಆಫೀಸ್, ಸಿದ್ಧಪಡಿಸಿರುವ ‘ಸಿಜಿ 00 01’ ಎಂಬ ಮಾದರಿ ಪಾಲಿಸಿ. ಅಲ್ಲಿ ವಿಮಾ ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗುತ್ತದೆ. ಹಾಗಾಗಿ ತೀರ್ಪಿನ ಜೊತೆಗೆ ರಾಜ್ಯದ ಹೆಸರನ್ನೂ ಹೇಳಿದ್ದೇನೆ.

## ಪಾಲಿಸಿಯ ಬುಡ

ಸಿಜಿಎಲ್ ಇದೆ ಅಂದಮೇಲೆ ವ್ಯಾಪಾರದಲ್ಲಿ ಏನೇ ಆದರೂ ಕಂಪನಿ ಕೊಡಬೇಕು ತಾನೆ?

ಇಲ್ಲ. ನಿಮ್ಮಿಂದ ಬೇರೆಯವರಿಗೆ ಆದ ಹಾನಿಗೆ ಮಾತ್ರ. ನಿಮ್ಮ ಸ್ವಂತ ಸರಕು ಸುಟ್ಟರೆ, ನಿಮ್ಮ ಗೋದಾಮಿಗೆ ನೀರು ನುಗ್ಗಿದರೆ ಅದಕ್ಕೆ ಆಸ್ತಿ ವಿಮೆ ಬೇರೆ ಇರುತ್ತದೆ.

ಪಾಲಿಸಿಯಲ್ಲಿ ಮೂರು ಭಾಗಗಳಿವೆ. ‘ಎ’ ಭಾಗ ಬೇರೆಯವರ ದೇಹಕ್ಕೆ ಆದ ಗಾಯ, ಆಸ್ತಿಗೆ ಆದ ನಷ್ಟಕ್ಕೆ. ‘ಬಿ’ ಭಾಗ ಮಾನಹಾನಿ, ಖಾಸಗಿತನದ ಉಲ್ಲಂಘನೆ, ಜಾಹೀರಾತಿನಲ್ಲಿ ಇನ್ನೊಬ್ಬರ ಕೃತಿಸ್ವಾಮ್ಯ ಬಳಸಿದ್ದು, ಇಂಥವಕ್ಕೆ. ‘ಸಿ’ ಭಾಗ ತಪ್ಪು ಯಾರದೆಂದು ನೋಡದೆ ಕೊಡುವ ಸಣ್ಣ ಮೊತ್ತದ ವೈದ್ಯಕೀಯ ಖರ್ಚಿಗೆ. ಒಂದು ಘಟನೆಗೆ 10 ಲಕ್ಷ ಡಾಲರ್, ವರ್ಷಕ್ಕೆ ಒಟ್ಟು 20 ಲಕ್ಷ ಡಾಲರ್ ಎಂಬುದು ಸಾಮಾನ್ಯವಾಗಿ ಕಾಣುವ ಮಿತಿ. ಮಾದರಿ ಪಾಲಿಸಿಯಲ್ಲಿ ವಕೀಲರ ಖರ್ಚು ಈ ಮಿತಿಯ ಹೊರಗಿರುತ್ತದೆ. ಇದು ಎಷ್ಟು ದೊಡ್ಡ ಅನುಕೂಲ ಎಂಬುದು ದಾವೆ ನಡೆಸಿದವರಿಗೇ ಗೊತ್ತು.

‘ಆಕರೆನ್ಸ್’ ಅಂತ ಬರೆದಿದ್ದಾರೆ. ಅಪಘಾತ ಅಂತ ನೇರವಾಗಿ ಬರೆಯಬಾರದಿತ್ತೇ?

1966ರವರೆಗೆ ಮಾದರಿ ಪಾಲಿಸಿಯಲ್ಲಿ ಅಪಘಾತ ಎಂಬ ಪದವೇ ಇತ್ತು. ಒಂದೇ ಕ್ಷಣದಲ್ಲಿ ನಡೆದರೆ ಮಾತ್ರ ಅಪಘಾತವೇ, ಆರು ತಿಂಗಳು ಸೋರಿದ ಪೈಪು ಏನಾಗುತ್ತದೆ ಎಂಬ ಜಗಳ ಮುಗಿಯಲಿಲ್ಲ. ಹಾಗಾಗಿ ಆಕರೆನ್ಸ್ ಎಂಬ ಪದ ತಂದರು. ಅಪಘಾತದ ಜೊತೆಗೆ, ಒಂದೇ ಬಗೆಯ ಹಾನಿಕಾರಕ ಪರಿಸ್ಥಿತಿಗೆ ನಿರಂತರವಾಗಿ ಅಥವಾ ಪದೇ ಪದೇ ಒಡ್ಡಿಕೊಳ್ಳುವುದೂ ಇದರಲ್ಲಿ ಸೇರುತ್ತದೆ. ಸೋರುವ ಪೈಪು ಒಳಗೆ ಬಂತು. ಆದರೆ ‘ಅಪಘಾತ’ ಎಂದರೇನು ಎಂಬುದನ್ನು ಪಾಲಿಸಿ ಇವತ್ತಿಗೂ ವಿವರಿಸುವುದಿಲ್ಲ. ಕಟ್ಟಡ ಕೆಲಸದ ಜಗಳಗಳೆಲ್ಲ ಹುಟ್ಟುವುದು ಇಲ್ಲಿಂದಲೇ; ಅದಕ್ಕೆ ಕೆಳಗೆ ಬರುತ್ತೇನೆ.

ಕೊಡುತ್ತೇವೆ ಅನ್ನೋದು ಅರ್ಧ ಪುಟ, ಕೊಡಲ್ಲ ಅನ್ನೋದು ಪುಟಗಟ್ಟಲೆ. ಇದು ಮೋಸ ಅಲ್ಲವೇ?

ಕೋಪ ಅರ್ಥವಾಗುತ್ತದೆ. ಆದರೆ ಎಕ್ಸ್‌ಕ್ಲೂಷನ್‌ಗಳಿಗೆ, ಅಂದರೆ ಹೊರಗಿಡುವ ಕಲಮುಗಳಿಗೆ, ಒಂದೊಂದಕ್ಕೂ ಕಾರಣವಿದೆ. ಕೆಲವನ್ನು ಬೇರೆ ಪಾಲಿಸಿ ನೋಡಿಕೊಳ್ಳುತ್ತದೆ: ನೌಕರರ ಗಾಯಕ್ಕೆ ಕಾರ್ಮಿಕ ಪರಿಹಾರ ವಿಮೆ, ವಾಹನಕ್ಕೆ ವಾಹನ ವಿಮೆ. ಬೇಕೆಂದೇ ಮಾಡಿದ ಹಾನಿಗೆ ವಿಮೆ ಕೊಡುವುದು ಸರಿಯಲ್ಲ. ಯುದ್ಧದ ನಷ್ಟವನ್ನು ಯಾವ ಕಂಪನಿಯೂ ಹೊರಲಾರದು. ಇನ್ನು ಕೆಲವು ವ್ಯಾಪಾರದ ಸಹಜ ನಷ್ಟಗಳು. ಕಳಪೆ ಕೆಲಸ ಮಾಡಿ ಅದನ್ನು ಸರಿಪಡಿಸುವ ಖರ್ಚನ್ನು ವಿಮೆಯ ಮೇಲೆ ಹೊರಿಸಬಾರದು.

ನನ್ನನ್ನು ಕಾಡುವುದು ಕಲಮುಗಳ ಸಂಖ್ಯೆಯಲ್ಲ. ಬಹಳಷ್ಟು ಕಲಮುಗಳ ಬಾಲದಲ್ಲಿ ‘ಆದರೆ ಈ ಹೊರಗಿಡುವಿಕೆ ಇಂಥದ್ದಕ್ಕೆ ಅನ್ವಯಿಸದು’ ಎಂಬ ಒಂದು ವಾಕ್ಯ ಇರುತ್ತದೆ. ನಾನು ಓದಿದ ಎಷ್ಟೋ ತಿರಸ್ಕಾರದ ಪತ್ರಗಳಲ್ಲಿ ಕಲಮು ಪೂರ್ತಿ ಉದ್ಧರಣೆಯಾಗಿತ್ತು, ಆ ‘ಆದರೆ’ ಮಾತ್ರ ಇರಲಿಲ್ಲ. ಈ ಪುಟದಿಂದ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ, ಪತ್ರದಲ್ಲಿರುವ ಕಲಮನ್ನು ಪಾಲಿಸಿಯಲ್ಲಿರುವ ಕಲಮಿನ ಪಕ್ಕ ಇಟ್ಟು ಸಾಲು ಸಾಲಾಗಿ ಹೋಲಿಸಿ.

ಯಾವುದನ್ನು ಯಾರು ಸಾಬೀತು ಮಾಡಬೇಕು?

ಮೂರು ಮೆಟ್ಟಿಲು. ಆದ ಹಾನಿ ಪಾಲಿಸಿಯ ಕೊಡುವ ಮಾತಿನೊಳಗೆ ಬರುತ್ತದೆ ಎಂದು ನೀವು ತೋರಿಸಬೇಕು. ಎಕ್ಸ್‌ಕ್ಲೂಷನ್ ಅನ್ವಯಿಸುತ್ತದೆ ಎಂದು ತೋರಿಸುವ ಹೊಣೆ ಕಂಪನಿಯದು. ಆ ಎಕ್ಸ್‌ಕ್ಲೂಷನ್ನಿನ ‘ಆದರೆ’ ನಿಮ್ಮನ್ನು ಕಾಪಾಡುತ್ತದೆ ಎನ್ನುವುದಾದರೆ ಬಹುತೇಕ ರಾಜ್ಯಗಳಲ್ಲಿ ಹೊಣೆ ಮತ್ತೆ ನಿಮ್ಮ ಕಡೆಗೆ. ಪದಕ್ಕೆ ಎರಡು ಸಮಂಜಸ ಅರ್ಥ ಬರುವಂತಿದ್ದರೆ ಬರೆದವರಿಗೆ, ಅಂದರೆ ಕಂಪನಿಗೆ, ವಿರುದ್ಧವಾಗಿ ಓದುವುದು ಕೋರ್ಟುಗಳ ಹಳೆಯ ನಿಯಮ. ಹೊರಗಿಡುವ ಕಲಮನ್ನು ಇಕ್ಕಟ್ಟಾಗಿ, ಕೊಡುವ ಮಾತನ್ನು ಉದಾರವಾಗಿ ಓದುತ್ತಾರೆ. ಹಾಗಂತ ಸ್ಪಷ್ಟವಾಗಿರುವ ಪದವನ್ನು ಯಾರೂ ತಿರುಚಿ ಕೊಡುವುದಿಲ್ಲ.

## ದಾವೆ ಬಂದ ದಿನ

ಗಿರಾಕಿ ಜಾರಿ ಬಿದ್ದು ಒಂದು ವರ್ಷದ ಮೇಲಾಯಿತು. ಏನೂ ಆಗಿಲ್ಲ ಅಂತ ಎದ್ದು ಹೋಗಿದ್ದರು, ಕಂಪನಿಗೆ ತಿಳಿಸಲಿಲ್ಲ. ಈಗ ನೋಟಿಸ್ ಬಂದಿದೆ. ಎಲ್ಲ ಮುಗಿಯಿತೇ?

ಮುಗಿದಿಲ್ಲ, ಆದರೆ ಇವತ್ತೇ ತಿಳಿಸಿ. ಕ್ಲೇಮಿಗೆ ದಾರಿ ಮಾಡಬಹುದಾದ ಘಟನೆಯನ್ನು ಆದಷ್ಟು ಬೇಗ ತಿಳಿಸಬೇಕು ಎಂದು ಪಾಲಿಸಿ ಹೇಳುತ್ತದೆ. ಬಹುತೇಕ ರಾಜ್ಯಗಳಲ್ಲಿ ಬರೀ ತಡವಾಯಿತೆಂದು ಕೈಬಿಡುವಂತಿಲ್ಲ. ತಡದಿಂದ ಕಂಪನಿಗೆ ನಿಜವಾದ ತೊಂದರೆಯಾಯಿತೇ ಎಂಬ ಪ್ರಶ್ನೆಯೂ ಇತ್ಯರ್ಥವಾಗಬೇಕು. ನ್ಯೂಯಾರ್ಕ್ ಬಹಳ ಕಾಲ ಕಠಿಣವಾಗಿತ್ತು. 2009ರ ಜನವರಿಯಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಎರಡು ವರ್ಷದೊಳಗೆ ತಿಳಿಸಿದ್ದರೆ ತೊಂದರೆಯಾಯಿತೆಂದು ಕಂಪನಿಯೇ ತೋರಿಸಬೇಕು. ಎರಡು ವರ್ಷ ದಾಟಿದ್ದರೆ ತೊಂದರೆಯಾಗಿಲ್ಲ ಎಂದು ನೀವು ತೋರಿಸಬೇಕು.

ಒಂದು ಎಚ್ಚರಿಕೆ. ನಿಮ್ಮದು ‘ಕ್ಲೇಮ್ಸ್ ಮೇಡ್’ ಪಾಲಿಸಿಯಾಗಿದ್ದರೆ, ಅಂದರೆ ಅವಧಿಯೊಳಗೆ ಬಂದ ಕ್ಲೇಮನ್ನು ಮಾತ್ರ ನೋಡುವ ಸಿಜಿ 00 02 ಆಗಿದ್ದರೆ, ಅವಧಿ ಮುಗಿದ ಮೇಲೆ ಬಂದ ಕ್ಲೇಮಿಗೆ ಈ ಔದಾರ್ಯವನ್ನು ನೆಚ್ಚಿಕೊಳ್ಳಬೇಡಿ.

ಇನ್ನೊಂದು ಮಾತು: ಕಂಪನಿಗೆ ತಿಳಿಸುವ ಮೊದಲು ಗಿರಾಕಿಗೆ ‘ಖರ್ಚು ನಾನೇ ಕೊಡುತ್ತೇನೆ’ ಎಂದು ಒಪ್ಪಿಕೊಳ್ಳಬೇಡಿ. ಪ್ರಥಮ ಚಿಕಿತ್ಸೆಯ ಖರ್ಚನ್ನು ಬಿಟ್ಟು, ಕಂಪನಿಯ ಒಪ್ಪಿಗೆಯಿಲ್ಲದೆ ನೀವಾಗಿ ಕೊಟ್ಟದ್ದು ನಿಮ್ಮ ಖರ್ಚಿಗೇ ಎಂದು ಪಾಲಿಸಿಯಲ್ಲಿ ಬರೆದಿದೆ. ಒಳ್ಳೆಯ ಮನಸ್ಸಿನಿಂದ ಹಾಗೆ ಮಾಡಿ ಪೇಚಿಗೆ ಸಿಕ್ಕವರನ್ನು ಕಂಡಿದ್ದೇನೆ.

ಕೇಸೇ ಸುಳ್ಳು. ಸುಳ್ಳು ಕೇಸಿಗೂ ಕಂಪನಿ ವಕೀಲರನ್ನು ಇಡಬೇಕಾ?

ಇಡಬೇಕು. ಪಾಲಿಸಿಯ ಅರ್ಧ ಬೆಲೆ ಇರುವುದೇ ಅಲ್ಲಿ. ನಿಮ್ಮ ಪರವಾಗಿ ಕೇಸು ನಡೆಸುವ ಕರ್ತವ್ಯ ಬೇರೆ, ತೀರ್ಪಿನ ಹಣ ಕಟ್ಟುವ ಕರ್ತವ್ಯ ಬೇರೆ. ಮೊದಲನೆಯದು ಹೆಚ್ಚು ವಿಶಾಲ. ವಾದಪತ್ರದಲ್ಲಿ ಹೇಳಿರುವುದು ನಿಜವೋ ಸುಳ್ಳೋ ಎಂಬುದಲ್ಲ, ಅದರಲ್ಲಿ ಒಂದಾದರೂ ಆರೋಪ ಪಾಲಿಸಿಯೊಳಗೆ ಬರುವ ಸಾಧ್ಯತೆ ಇದೆಯೇ ಎಂಬುದು ಪ್ರಶ್ನೆ. ಹಾಗಿದ್ದರೆ ಬಹುತೇಕ ರಾಜ್ಯಗಳಲ್ಲಿ ಇಡೀ ಕೇಸನ್ನು ಕಂಪನಿ ನಡೆಸಬೇಕು.

ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟಿನ 1966ರ ‘ಗ್ರೇ ವಿರುದ್ಧ ಜ್ಯೂರಿಕ್’ ತೀರ್ಪು ಇದಕ್ಕೆ ಅಡಿಗಲ್ಲು. ಹೊಡೆದರು ಎಂಬ ಆರೋಪಕ್ಕೆ ಗುರಿಯಾದವರು ಅದು ಆತ್ಮರಕ್ಷಣೆ ಎಂದರು. ಬೇಕೆಂದೇ ಮಾಡಿದ್ದು ಎಂಬ ಕಾರಣ ಕೊಟ್ಟು ಕಂಪನಿ ವಕೀಲರನ್ನು ಕೊಡಲಿಲ್ಲ. ಕೊಡಬೇಕಿತ್ತು ಎಂದಿತು ಕೋರ್ಟು. ಅದು ವ್ಯಾಪಾರದ ಪಾಲಿಸಿಯಾಗಿರಲಿಲ್ಲ, ವ್ಯಕ್ತಿಯ ಹೊಣೆಗಾರಿಕೆ ಪಾಲಿಸಿ. ತತ್ವ ಮಾತ್ರ ಎರಡಕ್ಕೂ ಒಂದೇ.

ವಾದಪತ್ರದ ಹೊರಗಿನ ಸಂಗತಿಗಳನ್ನು ನೋಡಬಹುದೇ ಎಂಬಲ್ಲಿ ರಾಜ್ಯಗಳು ಬೇರೆಯಾಗುತ್ತವೆ. ಟೆಕ್ಸಸ್‌ನಲ್ಲಿ ‘ಎಂಟು ಮೂಲೆ’ ನಿಯಮ: ವಾದಪತ್ರದ ನಾಲ್ಕು ಮೂಲೆ, ಪಾಲಿಸಿಯ ನಾಲ್ಕು ಮೂಲೆ, ಅಷ್ಟೆ. 2022ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ವಾದಪತ್ರದಲ್ಲಿ ಕೊರತೆಯಿದ್ದಾಗ ಸೀಮಿತವಾಗಿ ಹೊರಗಿನ ಸಾಕ್ಷ್ಯ ನೋಡಬಹುದು ಎಂದಿತು.

‘ನಮ್ಮ ಹಕ್ಕುಗಳನ್ನು ಕಾಯ್ದಿರಿಸಿಕೊಂಡು ಕೇಸು ನಡೆಸುತ್ತೇವೆ’ ಅಂತ ಪತ್ರ ಬಂದಿದೆ. ಇದು ಹೌದೋ ಅಲ್ಲವೋ?

ಈಗ ಹೌದು, ಮುಂದೆ ಅಲ್ಲ ಎನ್ನಬಹುದು. ವಕೀಲರನ್ನು ಕೊಡುತ್ತಾರೆ, ಕೊನೆಗೆ ತೀರ್ಪಿನ ಹಣ ಕಟ್ಟುವುದಿಲ್ಲ ಎನ್ನುವ ಬಾಗಿಲನ್ನೂ ತೆರೆದಿಟ್ಟುಕೊಳ್ಳುತ್ತಾರೆ. ಗಾಬರಿಯಾಗಬೇಡಿ, ಇದು ರೂಢಿ. ಆದರೆ ಪತ್ರವನ್ನು ಕಡತದಲ್ಲಿ ಸೇರಿಸಿ ಮರೆಯಲೂ ಬೇಡಿ.

ಮೊದಲು ನೋಡಬೇಕಾದ್ದು ಹಿತಾಸಕ್ತಿಯ ತಿಕ್ಕಾಟ. ಗಾಯ ಅಜಾಗರೂಕತೆಯಿಂದ ಆಯಿತೆಂದರೆ ಹಣ ಬರುತ್ತದೆ, ಬೇಕೆಂದೇ ಆಯಿತೆಂದರೆ ಬರುವುದಿಲ್ಲ ಎಂದಿಟ್ಟುಕೊಳ್ಳಿ. ಕೇಸು ನಡೆಸುವ ವಕೀಲರು ಅದನ್ನು ಯಾವ ಕಡೆಗೆ ವಾಲಿಸುತ್ತಾರೆ ಎಂಬುದರ ಮೇಲೆ ನಿಮ್ಮ ಗತಿ ನಿಂತಿದೆ. ಕ್ಯಾಲಿಫೋರ್ನಿಯಾದ 1984ರ ‘ಕ್ಯೂಮಿಸ್’ ತೀರ್ಪಿನ ಪ್ರಕಾರ ಇಂಥ ಸಂದರ್ಭದಲ್ಲಿ ನಿಮ್ಮ ಆಯ್ಕೆಯ ಸ್ವತಂತ್ರ ವಕೀಲರ ಫೀಸನ್ನು ಕಂಪನಿ ಕೊಡಬೇಕು. ಆಮೇಲೆ ಅದು ಆ ರಾಜ್ಯದ ಸಿವಿಲ್ ಕೋಡ್‌ನ 2860ನೇ ಸೆಕ್ಷನ್ ಆಯಿತು. ಹಕ್ಕು ಕಾಯ್ದಿರಿಸಿದ ಪ್ರತಿ ಪತ್ರಕ್ಕೂ ಈ ಸೌಲಭ್ಯ ಸಿಗದು. ತಿಕ್ಕಾಟ ನಿಜವಾಗಿ ಇರಬೇಕು.

ಇನ್ನೊಂದು, ಖರ್ಚು ವಾಪಸು ಕೇಳುವ ಸಾಲು. ‘ಬಸ್’ ಎಂಬವರ ಪ್ರಕರಣದಲ್ಲಿ (1997) 27 ಆರೋಪಗಳಿದ್ದವು, ಪಾಲಿಸಿಯೊಳಗೆ ಬರುವ ಸಾಧ್ಯತೆ ಇದ್ದದ್ದು ಒಂದಕ್ಕೆ. ಇಡೀ ಕೇಸನ್ನು ನಡೆಸಬೇಕು, ಆದರೆ ಒಳಗೆ ಬರುವ ಸಾಧ್ಯತೆಯೇ ಇಲ್ಲದ ಆರೋಪಗಳ ಖರ್ಚನ್ನು ಆಮೇಲೆ ವಸೂಲು ಮಾಡಬಹುದು ಎಂದಿತು ಕ್ಯಾಲಿಫೋರ್ನಿಯಾ. ಇಲಿನಾಯ್ 2005ರಲ್ಲಿ ಒಪ್ಪಲಿಲ್ಲ: ಪಾಲಿಸಿಯಲ್ಲಿ ಬರೆಯದ ಹಕ್ಕನ್ನು ಒಂದು ಪತ್ರ ಬರೆದು ಸೃಷ್ಟಿಸಿಕೊಳ್ಳುವಂತಿಲ್ಲ ಎಂದಿತು. ನನಗೆ ಸರಿ ಕಾಣುವುದು ಇಲಿನಾಯ್ ದಾರಿ.

## ಹೆಚ್ಚು ಜಗಳ ತರುವ ಎಕ್ಸ್‌ಕ್ಲೂಷನ್‌ಗಳು

ನಾವು ಮನೆ ಕಟ್ಟುವವರು. ಕಿಟಕಿ ಪಕ್ಕ ನೀರು ಸೋರಿ ಗೋಡೆ ಕೊಳೆತಿದೆ. ‘ಕಳಪೆ ಕೆಲಸ, ಕವರ್ ಇಲ್ಲ’ ಅಂತಾರೆ. ಹಾಗಾದರೆ ಪಾಲಿಸಿ ಯಾಕೆ?

ಅತಿ ಹೆಚ್ಚು ಬಂದ ಪ್ರಶ್ನೆ ಇದು, ನಿಧಾನವಾಗಿ ಬಿಡಿಸುತ್ತೇನೆ.

ನ್ಯೂಜೆರ್ಸಿಯ 1979ರ ‘ವೀಡೊ’ ತೀರ್ಪಿನಲ್ಲಿ ಒಂದು ಉದಾಹರಣೆಯಿದೆ. ಗಾರೆಯವರು ಹಚ್ಚಿದ ಗಿಲಾವು ಉದುರಿದರೆ ಮತ್ತೆ ಹಚ್ಚುವ ಖರ್ಚು ಅವರದೇ. ಉದುರಿದ ಗಿಲಾವು ದಾರಿಹೋಕರ ಮೇಲೆ ಬಿದ್ದರೆ ಅದು ವಿಮೆಯದು. ಕೆಟ್ಟ ಕೆಲಸವೇ ಬೇರೆ, ಕೆಟ್ಟ ಕೆಲಸದಿಂದ ಆದ ಹಾನಿಯೇ ಬೇರೆ. ನಿಮ್ಮ ಪ್ರಕರಣದಲ್ಲಿ ಕಿಟಕಿಯನ್ನು ಸರಿಯಾಗಿ ಕೂರಿಸುವ ಖರ್ಚು ಮೊದಲನೆಯದು. ನೀರಿನಿಂದ ಕೊಳೆತ ಗೋಡೆ, ಹಾಳಾದ ನೆಲ ಎರಡನೆಯದಾಗಬಹುದು.

ಇಲ್ಲಿ ಎರಡು ಅಡ್ಡಗಾಲು ಬರುತ್ತವೆ. ಒಂದು: ಕಳಪೆ ಕೆಲಸ ‘ಆಕರೆನ್ಸ್’ ಹೌದೇ? ಟೆಕ್ಸಸ್ ಮತ್ತು ಫ್ಲೋರಿಡಾ 2007ರಲ್ಲಿ, ನ್ಯೂಜೆರ್ಸಿ 2016ರಲ್ಲಿ, ಉದ್ದೇಶವಿಲ್ಲದೆ ಆದ ಹಾನಿ ಆಕರೆನ್ಸ್ ಆಗಬಲ್ಲದು ಎಂದವು. ಪೆನ್ಸಿಲ್ವೇನಿಯಾ 2006ರಲ್ಲಿ, ಒಹಾಯೊ 2018ರಲ್ಲಿ ಎದುರು ದಿಕ್ಕಿಗೆ ಹೋದವು. ಇಲಿನಾಯ್ ಸುಪ್ರೀಂ ಕೋರ್ಟು 2023ರಲ್ಲಿ ತನ್ನ ರಾಜ್ಯದ ಹಳೆಯ ಕಠಿಣ ಧೋರಣೆಯನ್ನು ಸಡಿಲಿಸಿತು. ಒಟ್ಟಾರೆ ಗಾಳಿ ಬೀಸುತ್ತಿರುವುದು ಪಾಲಿಸಿದಾರರ ಕಡೆಗೆ.

ಎರಡು: ‘ನಿಮ್ಮ ಕೆಲಸ’ ಎಂಬ ಎಕ್ಸ್‌ಕ್ಲೂಷನ್. ಕೆಲಸ ಮುಗಿದ ಮೇಲೆ ನಿಮ್ಮ ಕೆಲಸಕ್ಕೇ ಆದ ಹಾನಿಯನ್ನು ಇದು ಹೊರಗಿಡುತ್ತದೆ. ಇಡೀ ಮನೆ ಕಟ್ಟಿದವರು ನೀವಾದರೆ ಇಡೀ ಮನೆ ‘ನಿಮ್ಮ ಕೆಲಸ’, ಅಲ್ಲಿಗೆ ಏನೂ ಉಳಿಯುವುದಿಲ್ಲ. ಆದರೆ ಕಲಮಿನ ಕೊನೆಯ ವಾಕ್ಯ ನೋಡಿ: ಹಾನಿಯಾದ ಕೆಲಸವನ್ನಾಗಲಿ ಹಾನಿಗೆ ಕಾರಣವಾದ ಕೆಲಸವನ್ನಾಗಲಿ ನಿಮ್ಮ ಪರವಾಗಿ ಉಪಗುತ್ತಿಗೆದಾರರು ಮಾಡಿದ್ದರೆ ಇದು ಅನ್ವಯಿಸದು. 1986ರಿಂದ ಮಾದರಿ ಪಾಲಿಸಿಯ ಮೈಯಲ್ಲೇ ಈ ಮಾತಿದೆ. ಕಿಟಕಿ ಕೂರಿಸಿದ್ದು ಉಪಗುತ್ತಿಗೆದಾರರಾದರೆ ನಿಮ್ಮ ವಾದಕ್ಕೆ ಬೆನ್ನೆಲುಬು ಇದೇ.

ಈಗಲೇ ಹೋಗಿ ಪಾಲಿಸಿಯ ಹಿಂದೆ ಲಗತ್ತಿಸಿದ, ಅದರ ಪದಗಳನ್ನು ಬದಲಿಸುವ ಹಾಳೆಗಳಾದ ಎಂಡಾರ್ಸ್‌ಮೆಂಟ್‌ಗಳಲ್ಲಿ ‘ಸಿಜಿ 22 94’ ಎಂಬ ಸಂಖ್ಯೆ ಇದೆಯೇ ನೋಡಿ. ಇದ್ದರೆ ಆ ಕೊನೆಯ ವಾಕ್ಯವನ್ನು ಅದು ಅಳಿಸಿಹಾಕಿದೆ ಎಂದರ್ಥ. ಹೆಚ್ಚಿನ ಕೆಲಸವನ್ನು ಉಪಗುತ್ತಿಗೆಗೆ ಕೊಡುವ ಕಟ್ಟಡದವರು ಪ್ರೀಮಿಯಂ ಸ್ವಲ್ಪ ಕಡಿಮೆಯೆಂದು ಇದನ್ನು ಒಪ್ಪಿಕೊಳ್ಳುವುದು ನನ್ನ ದೃಷ್ಟಿಯಲ್ಲಿ ದೊಡ್ಡ ತಪ್ಪು.

ಬಾಡಿಗೆ ಜಾಗದಲ್ಲಿ ನಮ್ಮಿಂದ ಬೆಂಕಿ ಬಿತ್ತು. ‘ಬಾಡಿಗೆಗೆ ಪಡೆದ ಆಸ್ತಿ’ ಅಂತ ಕಲಮು ತೋರಿಸುತ್ತಿದ್ದಾರೆ.

ಪಾಲಿಸಿಯ ಭಾಗಗಳಂತೆ ಹೊರಗಿಡುವ ಕಲಮುಗಳಿಗೂ ಅಕ್ಷರಗಳೇ ಹೆಸರು; ಆ ಕಲಮು ‘ಜೆ’. ನಿಮ್ಮ ಸ್ವಂತ, ಬಾಡಿಗೆಯ, ಸಾಲ ಪಡೆದ, ನಿಮ್ಮ ವಶದಲ್ಲಿರುವ ಆಸ್ತಿಗಳ ನಷ್ಟವನ್ನು ಹೊರಗಿಡುತ್ತದೆ. ಆದರೆ ಎಕ್ಸ್‌ಕ್ಲೂಷನ್‌ಗಳ ಪಟ್ಟಿ ಮುಗಿದ ಮೇಲೆ, ಯಾವ ಕಲಮಿಗೂ ಸೇರದ ಹಾಗೆ ಕೆಳಗೆ ಒಂದು ಪ್ಯಾರಾ ಇದೆ: ನೀವು ಬಾಡಿಗೆಗೆ ಪಡೆದ ಕಟ್ಟಡಕ್ಕೆ ಬೆಂಕಿಯಿಂದ ಆದ ನಷ್ಟಕ್ಕೆ ‘ಸಿ’ಯಿಂದ ‘ಎನ್’ವರೆಗಿನ ಕಲಮುಗಳು ಅನ್ವಯಿಸವು, ಪ್ರತ್ಯೇಕ ಮಿತಿ ಅನ್ವಯಿಸುತ್ತದೆ. ಆ ಮಿತಿ ಪಾಲಿಸಿಯ ಮೊದಲಿಗೆ ಮೊತ್ತಗಳನ್ನು ಬರೆದಿರುವ ಡಿಕ್ಲರೇಷನ್ ಪುಟದಲ್ಲಿ ಇರುತ್ತದೆ, ಸಾಮಾನ್ಯವಾಗಿ 1 ಲಕ್ಷ ಡಾಲರ್. ಕಡಿಮೆ ಎನಿಸಿದರೆ ನವೀಕರಣದ ಹೊತ್ತಿಗೆ ಏರಿಸಿಕೊಳ್ಳಿ.

ಜಗಳ ಬಿಡಿಸಲು ಹೋದ ನಮ್ಮ ಸಿಬ್ಬಂದಿಯ ಕೈ ತಾಗಿ ಒಬ್ಬರಿಗೆ ಗಾಯವಾಯಿತು. ‘ಬೇಕೆಂದೇ’ ಅಂತ ತಳ್ಳಿಹಾಕಬಹುದೇ?

ವಿಮೆ ಪಡೆದವರ ದೃಷ್ಟಿಯಿಂದ ನಿರೀಕ್ಷಿತವಾದ ಅಥವಾ ಉದ್ದೇಶಿತವಾದ ಗಾಯವನ್ನು ಮಾತ್ರ ಕಲಮು ಹೊರಗಿಡುತ್ತದೆ. ಕೈ ಬೀಸಿದ್ದು ಉದ್ದೇಶಿತವಾಗಿರಬಹುದು, ಆದ ಗಾಯ ಉದ್ದೇಶಿತವೇ ಎಂಬುದು ಪ್ರಶ್ನೆ. ಜನರನ್ನೋ ಆಸ್ತಿಯನ್ನೋ ಕಾಪಾಡಲು ಮಿತಿಮೀರದ ಬಲ ಬಳಸಿದ್ದರೆ ಕಲಮಿನ ‘ಆದರೆ’ ನಿಮ್ಮ ಪರ. ಬಾರು, ಕ್ಲಬ್ಬುಗಳ ಪಾಲಿಸಿಗೆ ಹಲ್ಲೆಯನ್ನೇ ಹೊರಗಿಡುವ ಪ್ರತ್ಯೇಕ ಎಂಡಾರ್ಸ್‌ಮೆಂಟ್ ಹಚ್ಚಿರುತ್ತಾರೆ. ಅದಿದ್ದರೆ ಈ ವಾದ ನಡೆಯುವುದು ಕಷ್ಟ.

ಬಾಯ್ಲರ್ ಹೊಗೆಯಿಂದ ಬಾಡಿಗೆದಾರರು ಆಸ್ಪತ್ರೆ ಸೇರಿದರು. ಇದಕ್ಕೆ ‘ಮಾಲಿನ್ಯ’ ಅಂತಾರಲ್ಲ, ನಾವೇನು ನದಿಗೆ ವಿಷ ಸುರಿದೆವಾ?

ಇದೇ ಪ್ರಶ್ನೆಯನ್ನು ಕೋರ್ಟುಗಳೂ ಕೇಳಿವೆ. 1973ರ ಪಾಲಿಸಿಯಲ್ಲಿ ‘ಹಠಾತ್ತಾಗಿ, ಆಕಸ್ಮಿಕವಾಗಿ’ ಆದ ಮಾಲಿನ್ಯಕ್ಕೆ ರಕ್ಷಣೆ ಇತ್ತು. ಹಠಾತ್ ಎಂದರೆ ಎಷ್ಟು ಬೇಗ ಎಂಬ ಜಗಳ ದೇಶದ ತುಂಬ ನಡೆಯಿತು. ಆಮೇಲೆ 1986ರ ಪಾಲಿಸಿಯಲ್ಲಿ ಆ ಮಾತನ್ನು ತೆಗೆದು, ಮಾಲಿನ್ಯಕಾರಕ ಎಂದರೆ ಘನ, ದ್ರವ, ಅನಿಲ ಅಥವಾ ಶಾಖ ರೂಪದ ಯಾವುದೇ ಕೆರಳಿಸುವ ಅಥವಾ ಕಲುಷಿತಗೊಳಿಸುವ ವಸ್ತು ಎಂದರು. ಹೊಗೆ, ಆವಿ, ಮಸಿ, ಆಮ್ಲ, ರಾಸಾಯನಿಕ, ತ್ಯಾಜ್ಯ ಎಲ್ಲ ಸೇರಿತು. ಅಕ್ಷರಶಃ ಓದಿದರೆ ನೆಲ ಒರೆಸುವ ದ್ರಾವಣವೂ ಇದರೊಳಗೆ ಬರುತ್ತದೆ.

ಇಲಿನಾಯ್ ಸುಪ್ರೀಂ ಕೋರ್ಟು 1997ರಲ್ಲಿ ‘ಕೊಲೊಮ್ಸ್’ ಪ್ರಕರಣದಲ್ಲಿ, ಕೆಟ್ಟ ಫರ್ನೇಸಿನ ಕಾರ್ಬನ್ ಮಾನಾಕ್ಸೈಡಿಗೆ ಈ ಕಲಮು ಅನ್ವಯಿಸದು, ಇದು ಪರಿಸರ ಮಾಲಿನ್ಯಕ್ಕೆ ಮಾತ್ರ ಎಂದಿತು. ಕ್ಯಾಲಿಫೋರ್ನಿಯಾ 2003ರಲ್ಲಿ, ವಸತಿ ಕಟ್ಟಡದಲ್ಲಿ ಹೊಡೆಸಿದ ಕೀಟನಾಶಕದ ಪ್ರಕರಣದಲ್ಲಿ ಅದೇ ದಾರಿ ಹಿಡಿಯಿತು. ಫ್ಲೋರಿಡಾ 1998ರಲ್ಲಿ ಒಪ್ಪಲಿಲ್ಲ. ಕಚೇರಿಯ ನಕ್ಷೆ ಮುದ್ರಣ ಯಂತ್ರದಿಂದ ಅಮೋನಿಯ ಚೆಲ್ಲಿದ್ದಕ್ಕೂ ಪದ ಸ್ಪಷ್ಟವಾಗಿದೆ, ಕಲಮು ಅನ್ವಯಿಸುತ್ತದೆ ಎಂದಿತು.

ನಿಮ್ಮ ಪ್ರಕರಣದಲ್ಲಿ ತೀರ್ಪುಗಳಿಗಿಂತ ಮುಂಚೆ ಪಾಲಿಸಿಯನ್ನೇ ನೋಡಿ. ಈಗಿನ ಮಾದರಿಯಲ್ಲಿ, ಕಟ್ಟಡವನ್ನು ಬಿಸಿ ಅಥವಾ ತಂಪು ಮಾಡುವ ಉಪಕರಣದ ಹೊಗೆಯಿಂದ ಆ ಕಟ್ಟಡದ ಒಳಗೇ ಆದ ಗಾಯಕ್ಕೆ ವಿನಾಯಿತಿ ಇದೆ. ಹತೋಟಿ ತಪ್ಪಿದ ಬೆಂಕಿಯ ಹೊಗೆಗೂ ಇದೆ. ಆದರೆ ‘ಸಂಪೂರ್ಣ ಮಾಲಿನ್ಯ’ ಎಂಡಾರ್ಸ್‌ಮೆಂಟ್ ಹಚ್ಚಿದ್ದರೆ ಈ ವಿನಾಯಿತಿಗಳು ಹೋಗಿರಬಹುದು.

ಒಪ್ಪಂದಕ್ಕೆ ಸಹಿ ಹಾಕಿದ್ದೇ ತಪ್ಪಾಯಿತು ಅಂತಿದ್ದಾರೆ. ಒಪ್ಪಂದ ಇಲ್ಲದೆ ವ್ಯಾಪಾರ ಹೇಗೆ?

ಒಪ್ಪಂದದ ಮೂಲಕ ಮೈಮೇಲೆ ಎಳೆದುಕೊಂಡ ಹೊಣೆಯನ್ನು ‘ಬಿ’ ಕಲಮು ಹೊರಗಿಡುತ್ತದೆ. ಎರಡು ವಿನಾಯಿತಿ: ಒಪ್ಪಂದ ಇರದಿದ್ದರೂ ನಿಮ್ಮ ಮೇಲೆ ಬರುತ್ತಿದ್ದ ಹೊಣೆ, ಮತ್ತು ‘ಇನ್ಶೂರ್ಡ್ ಕಾಂಟ್ರಾಕ್ಟ್’ ಎಂದು ಪಾಲಿಸಿ ಕರೆಯುವ ಒಪ್ಪಂದಗಳು. ಕಟ್ಟಡದ ಬಾಡಿಗೆ ಕರಾರು, ಲಿಫ್ಟ್ ನಿರ್ವಹಣೆ, ಇನ್ನೊಬ್ಬರ ಅಜಾಗರೂಕತೆಯ ಹೊಣೆಯನ್ನು ನೀವು ಹೊರುವ ವ್ಯಾಪಾರದ ಒಪ್ಪಂದಗಳು ಈ ಗುಂಪಿನವು. ‘ಕೆಲಸವನ್ನು ಚೆನ್ನಾಗಿ ಮಾಡಿಕೊಡುತ್ತೇವೆ’ ಎಂಬ ಸಾಮಾನ್ಯ ಮಾತು ಹೊಣೆಯನ್ನು ಹಿಗ್ಗಿಸುವುದಿಲ್ಲ ಎಂದು ಟೆಕ್ಸಸ್ ಸುಪ್ರೀಂ ಕೋರ್ಟು 2014ರಲ್ಲಿ, ಶಾಲೆಯೊಂದರ ಬಿರುಕುಬಿಟ್ಟ ಟೆನಿಸ್ ಅಂಕಣದ ಪ್ರಕರಣದಲ್ಲಿ ಹೇಳಿತು.

ನಮ್ಮ ಬಿಡಿಭಾಗ ಕೆಟ್ಟದ್ದಕ್ಕೆ ಅವರು ಮಾರಿದ ಯಂತ್ರಗಳನ್ನೆಲ್ಲ ವಾಪಸು ಕರೆಸಿಕೊಂಡರು. ಆ ಖರ್ಚು?

ವಾಪಸು ಕರೆಸುವ ಖರ್ಚು ‘ಎನ್’ ಕಲಮಿನಲ್ಲಿ ಹೊರಗಿದೆ; ಅದಕ್ಕೆ ರೀಕಾಲ್ ವಿಮೆ ಬೇರೆ. ನಿಮ್ಮ ಭಾಗದಿಂದಾಗಿ ಇಡೀ ಯಂತ್ರ ಬಳಕೆಗೆ ಬಾರದಂತಾಗಿ, ಭಾಗ ಬದಲಿಸಿದರೆ ಸರಿಹೋಗುವಂತಿದ್ದರೆ ‘ಎಂ’ ಕಲಮು ಅಡ್ಡ ಬರುತ್ತದೆ. ಆದರೆ ನಿಮ್ಮ ಭಾಗ ಬಳಕೆಗೆ ಬಂದ ಮೇಲೆ ಹಠಾತ್ತಾಗಿ ಮುರಿದು ಯಂತ್ರ ನಿಂತಿದ್ದರೆ, ಅದರಿಂದಾದ ಬಳಕೆಯ ನಷ್ಟಕ್ಕೆ ‘ಎಂ’ ಅನ್ವಯಿಸದು.

## ಸ್ವಲ್ಪ ಆಳಕ್ಕೆ ಹೋದರೆ

ಉಪಗುತ್ತಿಗೆದಾರರು ವಿಮೆಯ ಸರ್ಟಿಫಿಕೇಟ್ ಕೊಟ್ಟಿದ್ದರು, ಅದರಲ್ಲಿ ನಮ್ಮ ಹೆಸರಿತ್ತು. ಈಗ ಅವರ ಕಂಪನಿ ‘ನೀವು ಯಾರೋ ಗೊತ್ತಿಲ್ಲ’ ಅನ್ನುತ್ತಿದೆ.

ಸರ್ಟಿಫಿಕೇಟ್ ಬರೀ ಮಾಹಿತಿ. ತನ್ನಿಂದ ಯಾವ ಹಕ್ಕೂ ಬರುವುದಿಲ್ಲ ಎಂದು ಅದರ ಮೇಲೆಯೇ ಅಚ್ಚಾಗಿರುತ್ತದೆ. ಬೇಕಾದ್ದು ಅವರ ಪಾಲಿಸಿಯಲ್ಲಿ ನಿಮ್ಮನ್ನು ‘ಅಡಿಷನಲ್ ಇನ್ಶೂರ್ಡ್’, ಅಂದರೆ ರಕ್ಷಣೆ ಪಡೆಯುವ ಹೆಚ್ಚುವರಿ ಪಕ್ಷ, ಆಗಿ ಸೇರಿಸುವ ಎಂಡಾರ್ಸ್‌ಮೆಂಟ್: ನಡೆಯುತ್ತಿರುವ ಕೆಲಸಕ್ಕೆ ಸಿಜಿ 20 10, ಮುಗಿದ ಕೆಲಸಕ್ಕೆ ಸಿಜಿ 20 37. ಎರಡರ ಪ್ರತಿಯನ್ನೂ ಕೆಲಸ ಶುರುವಾಗುವ ಮೊದಲೇ ಕೇಳಿ ಪಡೆಯಿರಿ.

ಆವೃತ್ತಿಯ ವರ್ಷವನ್ನೂ ನೋಡಿ. 1985ರ ಪದಗಳು ಬಹಳ ವಿಶಾಲ. 2004ರಿಂದ, ಹಾನಿ ಪೂರ್ತಿಯಾಗಿ ಅಥವಾ ಭಾಗಶಃ ಉಪಗುತ್ತಿಗೆದಾರರ ಕೃತ್ಯದಿಂದಲೇ ಆಗಿರಬೇಕು ಎಂಬ ಷರತ್ತು ಬಂತು. ನ್ಯೂಯಾರ್ಕಿನ ಅತ್ಯುನ್ನತ ಕೋರ್ಟು 2017ರಲ್ಲಿ ‘ಬರ್ಲಿಂಗ್ಟನ್’ ಪ್ರಕರಣದಲ್ಲಿ ಈ ಬಗೆಯ ಪದಗಳನ್ನು ಬಿಗಿಯಾಗಿ ಓದಿತು. ಅಗೆಯುವ ಯಂತ್ರ ವಿದ್ಯುತ್ ಕೇಬಲಿಗೆ ತಗುಲಿ ಸ್ಫೋಟವಾಗಿತ್ತು, ಯಂತ್ರ ನಡೆಸುತ್ತಿದ್ದ ಗುತ್ತಿಗೆದಾರರದು ತಪ್ಪಿರಲಿಲ್ಲ. ಹಾಗಾಗಿ ಕೆಲಸ ಮಾಡಿಸುತ್ತಿದ್ದ ನಗರ ಸಾರಿಗೆ ಪ್ರಾಧಿಕಾರಕ್ಕೆ ಆ ಗುತ್ತಿಗೆದಾರರ ಪಾಲಿಸಿಯಡಿ ರಕ್ಷಣೆ ಸಿಗಲಿಲ್ಲ.

ಹಾನಿ ಇಪ್ಪತ್ತು ವರ್ಷ ನಡೆದಿದೆ, ಪಾಲಿಸಿ ವರ್ಷಕ್ಕೊಂದು. ಯಾವ ವರ್ಷದವರು ಕೊಡಬೇಕು?

ಕಲ್ನಾರಿನ, ಅಂದರೆ ಆಸ್ಬೆಸ್ಟಾಸ್‌ನ, ಪ್ರಕರಣಗಳಲ್ಲಿ ಹುಟ್ಟಿದ ಪ್ರಶ್ನೆ. ಧೂಳು ಉಸಿರಾಡಿದ್ದು ಒಂದು ಕಾಲ, ಕಾಯಿಲೆ ಕಾಣಿಸಿದ್ದು ಬೇರೊಂದು ಕಾಲ. 1981ರ ‘ಕೀನ್’ ತೀರ್ಪು ಉಸಿರಾಡಿದ ದಿನದಿಂದ ಕಾಯಿಲೆ ಹೊರಬಿದ್ದ ದಿನದವರೆಗಿನ ಎಲ್ಲ ಪಾಲಿಸಿಗಳನ್ನೂ ಎಬ್ಬಿಸಿತು. ಕ್ಯಾಲಿಫೋರ್ನಿಯಾ 1995ರ ‘ಮಾಂಟ್ರೋಸ್’ ತೀರ್ಪಿನಲ್ಲಿ ನಿರಂತರ ಹಾನಿಗೆ ಅದೇ ಬಗೆಯ ನಿಯಮ ಒಪ್ಪಿತು. ಅದಕ್ಕೆ ಉತ್ತರವಾಗಿ 2001ರ ಮಾದರಿಯಲ್ಲಿ ಹೊಸ ಷರತ್ತು ಸೇರಿತು: ಪಾಲಿಸಿ ಶುರುವಾಗುವ ಮೊದಲೇ ಹಾನಿ ಗೊತ್ತಿದ್ದರೆ ಆ ಪಾಲಿಸಿ ಅದನ್ನು ನೋಡುವುದಿಲ್ಲ.

ಎದ್ದ ಪಾಲಿಸಿಗಳ ನಡುವೆ ಹಣ ಹಂಚುವುದು ಇನ್ನೊಂದು ತೊಡಕು. ನ್ಯೂಜೆರ್ಸಿ 1994ರಲ್ಲಿ ವರ್ಷ ಮತ್ತು ಮಿತಿಗಳ ಲೆಕ್ಕದಲ್ಲಿ ಪಾಲು ಹಾಕಿತು. ವಿಮೆಯನ್ನೇ ಕೊಳ್ಳದ ವರ್ಷಗಳ ಪಾಲು ಆಗ ಸಾಮಾನ್ಯವಾಗಿ ನಿಮ್ಮದೇ. ಇನ್ನು ಕೆಲವೆಡೆ ಒಂದು ಕಂಪನಿಯಿಂದಲೇ ಅದರ ಮಿತಿಯವರೆಗೆ ಪೂರ್ತಿ ಪಡೆದು, ಉಳಿದವರಿಂದ ಅದೇ ವಸೂಲು ಮಾಡಿಕೊಳ್ಳಲಿ ಎನ್ನಬಹುದು. ಪಾಲಿಸಿಯ ಪದಗಳಿಗೆ ತಕ್ಕಂತೆ ನ್ಯೂಯಾರ್ಕ್ 2016ರ ‘ವೈಕಿಂಗ್ ಪಂಪ್’ ತೀರ್ಪಿನಲ್ಲಿ ಇದಕ್ಕೂ ಅವಕಾಶ ಕೊಟ್ಟಿತು.

ಗಿರಾಕಿಗಳ ಮಾಹಿತಿ ಕಳುವಾಯಿತು. ‘ಬಿ’ ಭಾಗದ ಖಾಸಗಿತನದ ರಕ್ಷಣೆ ಸಿಗುವುದಿಲ್ಲವೇ?

ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ಖಾಸಗಿತನ ಮುರಿಯುವ ‘ಪ್ರಕಟಣೆ’ ಆಗಿರಬೇಕು ಎನ್ನುತ್ತದೆ ಪಾಲಿಸಿ. ಸೋನಿ ಪ್ಲೇಸ್ಟೇಷನ್ ಜಾಲದ 2011ರ ದಾಳಿಯ ಬಗ್ಗೆ ನ್ಯೂಯಾರ್ಕಿನ ವಿಚಾರಣಾ ಕೋರ್ಟು 2014ರಲ್ಲಿ, ಪ್ರಕಟಿಸಿದ್ದು ಕಳ್ಳರು, ಸೋನಿ ಅಲ್ಲ ಎಂದಿತು. ಅದೇ ವರ್ಷದಿಂದ ಮಾಹಿತಿ ಸೋರಿಕೆಯನ್ನು ಹೊರಗಿಡುವ ಸಿಜಿ 21 06 ಎಂಡಾರ್ಸ್‌ಮೆಂಟ್ ಬಂತು. ಎಲೆಕ್ಟ್ರಾನಿಕ್ ದತ್ತಾಂಶ ‘ಆಸ್ತಿ’ಯಲ್ಲ ಎಂದು 2001ರ ಮಾದರಿಯೇ ಹೇಳಿಬಿಟ್ಟಿದೆ, ‘ಎ’ ಭಾಗವೂ ಮುಚ್ಚಿತು. ಇದಕ್ಕೆ ಸೈಬರ್ ಪಾಲಿಸಿಯೇ ಬೇಕು.

ನೀವೇ ಮಾಹಿತಿಯನ್ನು ಹಂಚಿಕೊಂಡಿದ್ದರೆ ಮಾತು ಬೇರೆ. ಬೆರಳಚ್ಚನ್ನು ಹೊರಗಿನ ಒಂದೇ ಸಂಸ್ಥೆಗೆ ಕೊಟ್ಟಿದ್ದೂ ಪ್ರಕಟಣೆಯಾಗಬಹುದು ಎಂದು ಇಲಿನಾಯ್ ಸುಪ್ರೀಂ ಕೋರ್ಟು 2021ರ ‘ಕೃಷ್ಣ’ ಪ್ರಕರಣದಲ್ಲಿ ಹೇಳಿ, ಕಂಪನಿಯೇ ಕೇಸು ನಡೆಸಬೇಕೆಂದಿತು.

ಪಾಲಿಸಿ ಮಿತಿಯೊಳಗೆ ರಾಜಿಗೆ ಎದುರಾಳಿ ಒಪ್ಪಿದ್ದರು. ಕಂಪನಿ ಬೇಡವೆಂದಿತು, ತೀರ್ಪು ಮೂರು ಪಟ್ಟು ಬಂತು. ಉಳಿದದ್ದು ನಾವು ಕಟ್ಟಬೇಕಾ?

ಕಂಪನಿಯೇ ಕಟ್ಟಬೇಕಾಗಿ ಬರಬಹುದು. ರಾಜಿಯ ಬೀಗದ ಕೈ ಅವರ ಕೈಯಲ್ಲಿರುವುದರಿಂದ ಅದನ್ನು ನ್ಯಾಯವಾಗಿ ಬಳಸುವ ಹೊಣೆಯೂ ಅವರದೇ. ಟೆಕ್ಸಸ್‌ನಲ್ಲಿ ಇದು 1929ರ ‘ಸ್ಟೋವರ್ಸ್’ ತೀರ್ಪಿನಿಂದ, ಕ್ಯಾಲಿಫೋರ್ನಿಯಾದಲ್ಲಿ 1958ರ ‘ಕೊಮುನಾಲೆ’ ತೀರ್ಪಿನಿಂದ ನೆಲೆಗೊಂಡ ನಿಯಮ. ನೀವು ಮಾಡಬೇಕಾದ್ದು ಒಂದೇ: ರಾಜಿಯ ಪ್ರಸ್ತಾಪ ಬಂದ ದಿನವೇ, ಅದು ಮಿತಿಯೊಳಗಿದೆ, ಒಪ್ಪಿಕೊಳ್ಳಿ, ಒಪ್ಪದಿದ್ದರೆ ಮಿತಿಮೀರಿದ ತೀರ್ಪಿನ ಹೊಣೆ ನಿಮ್ಮದು ಎಂದು ಲಿಖಿತವಾಗಿ ಕೇಳಿ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕೆ ಬರುವುದು ಕಷ್ಟ.

ಹಳೆಯ ಪಾಲಿಸಿಯ ಕಾಗದವೇ ಸಿಗುತ್ತಿಲ್ಲ. ಕಂಪನಿ ‘ನಮ್ಮಲ್ಲೂ ಇಲ್ಲ’ ಅನ್ನುತ್ತಿದೆ.

ಮೂಲ ಪ್ರತಿ ಇಲ್ಲದಿದ್ದರೂ ಪಾಲಿಸಿ ಇತ್ತೆಂದು, ಅದರಲ್ಲಿ ಏನಿತ್ತೆಂದು ಬೇರೆ ದಾಖಲೆಗಳಿಂದ ತೋರಿಸಬಹುದು. ಪ್ರೀಮಿಯಂ ಕಟ್ಟಿದ ಲೆಡ್ಜರ್, ಹಳೆಯ ಚೆಕ್ಕುಗಳು, ಏಜೆಂಟರ ಕಡತ, ಗಿರಾಕಿಗಳಿಗೆ ಕೊಟ್ಟಿದ್ದ ಸರ್ಟಿಫಿಕೇಟಿನ ಪ್ರತಿ, ಸಾಲ ಕೊಟ್ಟ ಬ್ಯಾಂಕಿನ ದಾಖಲೆ, ಹಿಂದಿನ ಕ್ಲೇಮಿನ ಪತ್ರಗಳು, ಲೆಕ್ಕಪರಿಶೋಧಕರ ಟಿಪ್ಪಣಿ, ಯಾವುದನ್ನೂ ಬಿಡಬೇಡಿ. ಪಾಲಿಸಿ ಸಂಖ್ಯೆ ಮತ್ತು ವರ್ಷ ಸಿಕ್ಕರೆ, ಆ ಕಾಲದ ಮಾದರಿ ಪಾಲಿಸಿಯ ಪದಗಳನ್ನು ಮುಂದಿಟ್ಟು ವಾದ ಕಟ್ಟಲು ಸಾಧ್ಯ. ಕಂಪನಿ ಬೇರೊಂದರಲ್ಲಿ ವಿಲೀನವಾಗಿದ್ದರೆ ಅದರ ಹೊಣೆ ಈಗ ಯಾರದೆಂದು ರಾಜ್ಯದ ವಿಮಾ ಇಲಾಖೆಯಲ್ಲಿ ವಿಚಾರಿಸಿ. ದಿವಾಳಿಯಾಗಿದ್ದರೆ ರಾಜ್ಯದ ಗ್ಯಾರಂಟಿ ನಿಧಿಗೆ ಅರ್ಜಿ ಹಾಕುವ ಗಡುವು ದಾಟಿದೆಯೇ ಎಂದು ಮೊದಲು ನೋಡಿ.